ಬಸ್ಸಿಗೂ ರಜೆ, ಮಗಳಿಗೆ ಮಾತ್ರ ಟೆಸ್ಟು

ಮಾನ್ಯರೆ,

ನ್ಯೂಯಾರ್ಕ್ ಶಾಲೆಗಳಿಗೆ ದೀಪಾವಳಿ ರಜೆ ಎಂಬ ನಿಮ್ಮ ವರದಿ ಓದಿ ಊರಿನಿಂದ ನನಗೆ ಒಂದೇ ಸಮನೆ ಫೋನು. ‘ನಿಮಗೇನಮ್ಮ, ಅಲ್ಲೂ ಹಬ್ಬಕ್ಕೆ ರಜೆ ಕೊಡ್ತಾರಂತೆ’ ಎಂದರು ಅತ್ತೆ. ಆಗ ನಾನು ಮಗಳ ಶಾಲೆಯ ಗೇಟಿನ ಮುಂದೆ ನಿಂತಿದ್ದೆ. ಅವಳದು ಖಾಸಗಿ ಶಾಲೆ. ರಜೆ ಇರುವುದು ನಗರದ ಸರ್ಕಾರಿ ಶಾಲೆಗಳಿಗೆ. 2023ರ ನವೆಂಬರಿನಲ್ಲಿ ಗವರ್ನರ್ ಸಹಿ ಹಾಕಿದ ಕಾನೂನು ಖಾಸಗಿ ಶಾಲೆಗಳನ್ನು ಮುಟ್ಟುವುದೇ ಇಲ್ಲ. ಈ ಒಂದು ಸಾಲು ಬರೆಯಲು ಜಾಗ ಇರಲಿಲ್ಲವೇ?

2025ರ ದೀಪಾವಳಿ, ಅಕ್ಟೋಬರ್ 20ರ ಸೋಮವಾರ ಬೆಳಗ್ಗೆ ಐದಕ್ಕೇ ಎದ್ದು ಮಗಳಿಗೆ ಎಣ್ಣೆ ಹಚ್ಚಿ ನೀರು ಹಾಕಿದೆ. ತಲೆ ಒಣಗಿಸಲು ಪುರುಸೊತ್ತಿಲ್ಲ, ಒದ್ದೆ ಕೂದಲಿಗೇ ಜಡೆ. ಯೂನಿಫಾರ್ಮಿನ ಕಾಲರಿಗೆ ನೀರು ತೊಟ್ಟಿಕ್ಕುತ್ತಿತ್ತು. ಸ್ಟಾಪಿನಲ್ಲಿ ಇಪ್ಪತ್ತು ನಿಮಿಷ ಕಾದರೂ ಹಳದಿ ಬಸ್ ಬರಲಿಲ್ಲ. ಖಾಸಗಿ ಶಾಲೆಯಾದರೂ ಬಸ್ಸು ನಗರದ್ದು, ನಗರಕ್ಕೆ ದೀಪಾವಳಿ! ರಸ್ತೆ ಗುಡಿಸುವ ದಿನ ಕಾರು ತೆಗೆಯಬೇಕೆಂಬ ನಿಯಮಕ್ಕೂ ಅವತ್ತು ರಜೆ. ನನ್ನ ಮಗಳಿಗೆ ಮಾತ್ರ ಗಣಿತದ ಟೆಸ್ಟು. ಕೊನೆಗೆ ನಾನೇ ಕಾರು ತೆಗೆದು ಬಿಟ್ಟು ಬಂದರೆ, ನಿಲ್ಲಿಸಿದ್ದ ಜಾಗ ಹೋಗಿತ್ತು. ಆಫೀಸಿಗೆ ಒಂದು ಗಂಟೆ ತಡ. ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಮತ್ತೆ ಶಾಲೆಗೆ ಓಡಿದೆ. ಸಂಜೆ ಲಕ್ಷ್ಮೀಪೂಜೆ ಮುಗಿಯುವ ಮೊದಲೇ ಮಗಳು ದೇವರ ಮುಂದೆ ನಿದ್ದೆ ಹೋಗಿದ್ದಳು.

ಇದೇ ಶಾಲೆ ಯಹೂದಿಗಳ ಹೊಸ ವರ್ಷ ರೋಶ್ ಹಶಾನಾಗೆ ಎರಡು ದಿನ, ಅವರ ಉಪವಾಸದ ದಿನ ಯೋಮ್ ಕಿಪ್ಪುರ್‌ಗೆ ಒಂದು ದಿನ ಬಾಗಿಲು ಹಾಕಿತ್ತು. ಅದಕ್ಕೆ ನನ್ನ ತಕರಾರಿಲ್ಲ. ಯೋಮ್ ಕಿಪ್ಪುರ್ ಆ ವರ್ಷ ವಿಜಯದಶಮಿಯಂದೇ ಬಿದ್ದು ನಮಗೂ ಹಬ್ಬ ಮಾಡಲಿಕ್ಕಾಯಿತು. ಪಕ್ಕದ ಮನೆಯ ಯಹೂದಿ ಅಜ್ಜಿ ಆ ದಿನ ಹನಿ ನೀರೂ ಕುಡಿಯದೆ ಇಪ್ಪತ್ತೈದು ಗಂಟೆ ಉಪವಾಸ ಇರುತ್ತಾರೆ. ಅವರ ಮೊಮ್ಮಗನಿಗೂ ಸುಕ್ಕೋತ್ ಹಬ್ಬಕ್ಕೆ ರಜೆ ಇಲ್ಲ, ತಪ್ಪಿದ ಟೆಸ್ಟು ಆಮೇಲೆ ಬರೆಯಬೇಕು. ಅಜ್ಜಿಯೇ ಹೇಳಿದರು: 1960ರ ಸುಮಾರಿಗೆ ಯಹೂದಿ ಮೇಷ್ಟ್ರುಗಳು ರೋಶ್ ಹಶಾನಾ, ಯೋಮ್ ಕಿಪ್ಪುರ್ ದಿನ ಕೆಲಸಕ್ಕೇ ಬರುತ್ತಿರಲಿಲ್ಲವಂತೆ. ಪಾಠ ಮಾಡುವವರಿಲ್ಲದೆ ನಗರದ ಶಾಲೆಗಳೇ ರಜೆ ಕೊಟ್ಟವು. ನಾವೇನು ಮಾಡುತ್ತೇವೆ? ಹಬ್ಬದ ದಿನ ಸುಮ್ನೆ ಮಕ್ಕಳನ್ನು ಕಳಿಸಿ, ನವೆಂಬರಿನ ಯಾವುದೋ ಶನಿವಾರ ಹಾಲ್ ಬಾಡಿಗೆ ಹಿಡಿದು ದೀಪಾವಳಿ ಮಾಡುತ್ತೇವೆ. ‘ನಿಮ್ಮ ಹಬ್ಬ ಶನಿವಾರ ಅಲ್ವಾ?’ ಎಂದು ಶಾಲೆಯ ಆಫೀಸಿನಲ್ಲಿ ನನ್ನನ್ನೇ ಕೇಳಿದರು. ಮೈ ಉರಿದುಹೋಯಿತು.

ಇನ್ನು ನಾಯಕರಿಗೆ ಹಣತೆ ಹಚ್ಚಿ ಫೋಟೊ ತೆಗೆಸಿಕೊಂಡರೆ ಮುಗಿಯಿತು. ಆ ರಜೆಯ ಕಾನೂನಿಗೆ ಸಹಿ ಬಿದ್ದದ್ದು ನಮ್ಮ ಕ್ವೀನ್ಸ್‌ನ ಫ್ಲಶಿಂಗ್ ಬಡಾವಣೆಯ ಗಣೇಶನ ಗುಡಿಯಲ್ಲೇ. ಆ ಗುಡಿಗೆ ಬರುವ ಮಕ್ಕಳೆಲ್ಲ ಸರ್ಕಾರಿ ಶಾಲೆಯವರೇ? ಎರಡು ವರ್ಷದ ಹಿಂದೆ ನಮ್ಮ ಬಸ್ ಸ್ಟಾಪನ್ನು ದೂರ ಹಾಕಿದಾಗ ಮೂರು ಕಚೇರಿಗೆ ಫೋನ್ ಮಾಡಿದ್ದೆ. ಮೂವರೂ ‘ನಮ್ಮದಲ್ಲ’ ಎಂದರು. ಮಂಜು ಬಿದ್ದ ರಸ್ತೆಯಲ್ಲಿ ಇವತ್ತಿಗೂ ಅಷ್ಟು ದೂರ ನಡೆಯುತ್ತೇವೆ.

ಖಾಸಗಿ ಶಾಲೆಗಳು ದೀಪಾವಳಿಗೂ ಈದ್‌ಗೂ ರಜೆ ಕೊಡಲಿ. ಆಗದಿದ್ದರೆ ಆ ದಿನ ಟೆಸ್ಟಾದರೂ ಇಡದಿರಲಿ, ಬಸ್ಸಾದರೂ ಬರಲಿ. ನಮ್ಮವರೂ ಹಬ್ಬವನ್ನು ಹಬ್ಬದ ದಿನವೇ ಮಾಡಲಿ. ನೀವೂ ಇಂಥ ಸುದ್ದಿ ಹಾಕುವಾಗ ಯಾವ ಶಾಲೆ ಎಂದು ವಿಚಾರಿಸಿ ಹಾಕಿ. ಊರಿನವರಿಗೆಲ್ಲ ಉತ್ತರ ಹೇಳಬೇಕಾದವಳು ನಾನು.

– ಒಬ್ಬ ತಾಯಿ, ಕ್ವೀನ್ಸ್, ನ್ಯೂಯಾರ್ಕ್