ಕ್ವಾರಿಯ ಹೊಂಡವಿದ್ದರೂ ಹಳ್ಳ ಕೆಂಪೇಕೆ?

ಮಾನ್ಯ ಸಂಪಾದಕರೇ,

ಕೆಸರುನೀರು ಹಳ್ಳ ಸೇರುವ ಮುನ್ನ ನಿಂತು ತಿಳಿಯಾಗಲೆಂದು ಮೂಲೆಯಲ್ಲೊಂದು ಹೊಂಡ ತೋಡಿದರೆ ಕಲ್ಲು ಕ್ವಾರಿಯ ಮಳೆನೀರಿನ ಕೆಲಸ ಮುಗಿಯಿತು ಎಂಬ ಧೋರಣೆ ಬದಲಾಗಬೇಕು. ಮೊದಲು ಬೇಕಾದ್ದು ಮೇಲಿನ ಇಳಿಜಾರಿನ ತಿಳಿನೀರು ಒಳಗೆ ನುಗ್ಗದಂತೆ ತಡೆಗಾಲುವೆ. ಆಮೇಲೆ ಹೊಂಡದ ಲೆಕ್ಕ: ಒಂದು ಹೆಕ್ಟೇರ್ ಮೇಲೆ 50 ಮಿ.ಮೀ. ಮಳೆ ಎಂದರೆ 500 ಘನ ಮೀಟರ್ ನೀರು. ಶೇ 70ರಷ್ಟು ಹರಿದು ಬಂದರೂ 350 ಘನ ಮೀಟರ್ ಜಾಗ ಬೇಕು, ಹೂಳಿಗೆ ಬೇರೆ.

ಮರಳು ನಿಮಿಷಗಳಲ್ಲೇ ತಳ ಸೇರುತ್ತದೆ. ತೊಂದರೆ ಕೊಡುವುದು ನುಣ್ಣನೆಯ ದೂಳು. ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು 10 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಕಣಕ್ಕೆ ಸುಮಾರು 3 ಗಂಟೆ, 2 ಮೈಕ್ರಾನ್ ಕಣಕ್ಕೆ 3 ದಿನಕ್ಕೂ ಹೆಚ್ಚು ಬೇಕು. ನೀರು ಬರುವ ಬಾಯಿ, ಹೋಗುವ ಬಾಯಿ ಅಕ್ಕಪಕ್ಕದಲ್ಲಿದ್ದರೆ ಎಷ್ಟು ದೊಡ್ಡ ಹೊಂಡವಾದರೂ ವ್ಯರ್ಥ. ಉದ್ದ ಅಗಲದ ಮೂರು ಪಟ್ಟಾದರೂ ಇರಲಿ. ಹೊಂಡದ ನೀರು ಹೊರಹಾಕುವ ಪಂಪಿನ ಫುಟ್‌ವಾಲ್ವ್ (ನೀರೆಳೆಯುವ ಬಾಯಿ) ಅನ್ನು ತಳದಲ್ಲಿ ಬಿಟ್ಟರೆ ಅದು ಎಳೆಯುವುದು ಕೆಸರನ್ನೇ. ಖಾಲಿ ಡ್ರಮ್ಮಿಗೆ ಕಟ್ಟಿ ಮೇಲ್ಮಟ್ಟದಲ್ಲಿ ತೇಲಿಬಿಡಬೇಕು.

ಹಳ್ಳದಂಚಿನ ಹಸಿರುಪಟ್ಟಿಯೂ ಪವಾಡ ಮಾಡದು. ನೀರು ತೆಳುವಾಗಿ ಹರಡಿ ಬಂದರೆ ಮಾತ್ರ ಹುಲ್ಲು ಹೂಳನ್ನು ಹಿಡಿಯುತ್ತದೆ. ಒಂದೇ ಕೊರಕಲಿನಲ್ಲಿ ಧುಮುಕಿದರೆ ಪಟ್ಟಿ ಇದ್ದೂ ಇಲ್ಲದಂತೆ. ಕೊರಕಲು ಕಂಡ ತಕ್ಷಣ ಕಲ್ಲು ತುಂಬಿ, ಸಮಮಟ್ಟದ ಅಂಚು ಕಟ್ಟಿ ನೀರನ್ನು ಹರಡಬೇಕು.

ಗಣಿ ಮುಚ್ಚುವಾಗ ಬೇಕಾಗುವ ಮೇಲ್ಮಣ್ಣನ್ನು ಮೊದಲ ದಿನವೇ ಪ್ರತ್ಯೇಕವಾಗಿ ತೆಗೆದು, ಹಳ್ಳದಿಂದ ದೂರ, 2 ಮೀಟರಿಗಿಂತ ಎತ್ತರವಾಗದಂತೆ ರಾಶಿ ಹಾಕಿ ಹುಲ್ಲು ಬಿತ್ತಬೇಕು. ಲಾರಿ ಓಡಾಡಿ ಗಟ್ಟಿಯಾದ ನೆಲವನ್ನು ಸೀಳದೆ ಮಣ್ಣು ಹರಡಿದರೆ ಬೇರು ಇಳಿಯದು, ಮೊದಲ ಜೋರು ಮಳೆಗೆ ಮಣ್ಣೇ ಜಾರಿಹೋಗುತ್ತದೆ.