ಭಾನುವಾರ ಕಾಪು ಲೈಟ್‌ಹೌಸ್‌ಗೆ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಕಾಪುವಿಗೆ ಹೋಗುವುದು ಖಚಿತ. ಮಧ್ಯಾಹ್ನ 3ಕ್ಕೆ ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಸೇರೋಣ. ಮೇಲೆ ಹತ್ತಲು ಸಾಮಾನ್ಯವಾಗಿ ಸಂಜೆ ಹೊತ್ತು ಮಾತ್ರ ಬಿಡುತ್ತಾರೆ. ತಡವಾದರೆ ಕೆಳಗೆ ನಿಂತು ಫೋಟೋ ತೆಗೆಯುವುದಷ್ಟೇ.

ಹೋಗುವ ಮೊದಲು ಒಂದಿಷ್ಟು ವಿಷಯ. ಇದನ್ನು ಕಟ್ಟಿದ್ದು 1901ರಲ್ಲಿ, ಕಡಲಂಚಿನ ಬಂಡೆಯ ಮೇಲೆ. ಎತ್ತರ ಸುಮಾರು 27 ಮೀಟರ್. ಕರೆಂಟ್ ದೀಪ ಬರುವವರೆಗೆ ಸೀಮೆಎಣ್ಣೆಯೇ ಗತಿ. ಆ ಸೀಮೆಎಣ್ಣೆ ಕಾಲದಲ್ಲೇ ಆಮೇಲಾಮೇಲೆ ಎಣ್ಣೆಯನ್ನು ಆವಿ ಮಾಡಿ ಉರಿಸುವ ದೀಪ ಬಂತು. ಹಳೇ ಮದುವೆಮನೆಯ ಪೆಟ್ರೋಮ್ಯಾಕ್ಸ್ ನೋಡಿದವರಿಗೆ ಗೊತ್ತಿರುತ್ತೆ ಅಲ್ವಾ, ಗಾಳಿ ಹೊಡೀತಾನೇ ಇರಬೇಕು. ಇಂಥ ದೀಪ ನೋಡಿಕೊಳ್ಳುವವರು ರಾತ್ರಿ ಸುಮ್ನೆ ಮಲಗುವ ಹಾಗಿರಲಿಲ್ಲ. ಒತ್ತಡ ಇಳಿದರೆ ಬೆಳಕೂ ಇಳಿಯಿತು. ಬೆಳಗಾದರೆ ದೀಪದ ಸುತ್ತ ಬೆಳಕನ್ನು ದೂರಕ್ಕೆ ಕಳಿಸುವ ಗಾಜಿನ ಪಟ್ಟಕಗಳ (ಪ್ರಿಸಂ) ಮಸಿ ಒರೆಸಬೇಕು. ಹೊರಗಿನ ಗಾಜಿಗೆ ಮೆತ್ತಿದ ಉಪ್ಪೂ ಹೋಗಬೇಕು. ಆಮೇಲೆ ಪರದೆ ಎಳೆಯಬೇಕು, ಯಾಕಂದ್ರೆ ಆ ಗಾಜಿನಲ್ಲಿ ಹಾದ ಬಿಸಿಲು ಒಂದೇ ಕಡೆ ಬಿದ್ದರೆ ಒಳಗಿನ ದೀಪವೇ ಹಾಳಾಗಬಹುದು. ನನ್ನ ಕೇಳಿದರೆ, ದೀಪ ಹಚ್ಚುವುದಕ್ಕಿಂತ ಈ ಒರೆಸುವ ಕೆಲಸವೇ ಜಾಸ್ತಿ.

ಮೊಣಕಾಲು ನೋವಿರುವವರು ಹತ್ತುವ ಹಟ ಬೇಡ, ಕೆಳಗೆ ಚುರುಮುರಿ ಸಿಗುತ್ತೆ. ಮೇಲೆ ಗಾಳಿ ಜೋರು. ಟೋಪಿ, ಮೊಬೈಲ್ ಭದ್ರ. ಒದ್ದೆ ಬಂಡೆ ಜಾರುತ್ತದೆ, ಮಕ್ಕಳ ಕೈ ಬಿಡಬೇಡಿ. ಟಿಕೆಟ್‌ಗೆ ಚಿಲ್ಲರೆ ಇಟ್ಟುಕೊಳ್ಳಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ಬರೀ ಹೆಬ್ಬೆರಳು ಒತ್ತಿದರೆ ಲೆಕ್ಕಕ್ಕಿಲ್ಲ.