ನನ್ನ ಅಂಗಳದ ಕ್ಯಾಮೆರಾಕ್ಕೆ ನಾನೇ ಗೆಸ್ಟ್: ಕಂಪನಿಗೊಂದು ದೂರು ಪತ್ರ

ಇವರಿಗೆ,
ಕುಂದುಕೊರತೆ ಅಧಿಕಾರಿಗಳು
(ಕಂಪನಿಯ ಹೆಸರು, ವಿಳಾಸ ಲಕೋಟೆಯ ಮೇಲಿದೆ)

ವಿಷಯ: ನಮ್ಮ ಮನೆಯ ಹೊರಗಿನ ಕ್ಯಾಮೆರಾವನ್ನು ನಿಮ್ಮ ಟೆಕ್ನಿಷಿಯನ್ ತನ್ನ ಫೋನಿಗೆ ನೋಂದಾಯಿಸಿಕೊಂಡು ಹೋಗಿರುವುದು ಮತ್ತು ಅದನ್ನು ಬಿಡಿಸಿಕೊಡಲು ನೀವು ಒಪ್ಪದಿರುವುದು.

ಮಾನ್ಯರೇ,

ಫೋನಿನಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿದಿದೆ. ಇಮೇಲ್ ಬರೆದರೆ ನಿಮ್ಮಿಂದ ಪ್ರತಿಸಲವೂ ಅದೇ ಉತ್ತರ ಬರುತ್ತದೆ, ಟಿಕೆಟ್ ನಂಬರ್ ಮಾತ್ರ ಬೇರೆ. ಹಾಗಾಗಿ ಈಗ ಸ್ಪೀಡ್ ಪೋಸ್ಟ್. ಆದಷ್ಟು ಸಮಾಧಾನದಿಂದಲೇ ಬರೆಯುತ್ತೇನೆ.

ನಾವು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರು. ಕೊಯ್ಲು ಶುರುವಾದ ಮೇಲೆ ಸುಲಿದು ಬೇಯಿಸಿದ ಅಡಿಕೆ ಅಂಗಳದಲ್ಲೇ ಒಣಗಬೇಕು. ಮನೆಯೊಳಗೆ ಹೊತ್ತು ಹಾಕಿ ಬೀಗ ಜಡಿಯುವ ಸರಕಲ್ಲ ಅದು. ಈ ವಿಷಯ ಕಳ್ಳರಿಗೂ ಚೆನ್ನಾಗಿ ಗೊತ್ತು. ಒಂದು ಚೀಲ ಒಣಗಿದ ಅಡಿಕೆಯ ಬೆಲೆ ನಿಮ್ಮ ಕ್ಯಾಮೆರಾದ ಬೆಲೆಗಿಂತ ಎಷ್ಟೋ ಜಾಸ್ತಿ. ಅದಕ್ಕೇ ನಿಮ್ಮದೇ ವೆಬ್‌ಸೈಟಿನಲ್ಲಿ 4 ಮೆಗಾಪಿಕ್ಸೆಲ್‌ನ, ಮಳೆಗೆ ಜಗ್ಗದ ಐಪಿ66 ಕ್ಯಾಮೆರಾ ಕೊಂಡೆ. ಅಡ್ಡಡ್ಡ, ಮೇಲೆ ಕೆಳಗೆ ಎಲ್ಲ ಕಡೆ ತಿರುಗುವಂಥದ್ದು. ಸುಮ್ನೆ ತಲೆನೋವು ಬೇಡ ಅಂತ ಅಳವಡಿಕೆಗೂ ನಿಮಗೇ ದುಡ್ಡು ಕಟ್ಟಿದೆ. ಎರಡೂ ಒಂದೇ ಬಿಲ್ಲಿನಲ್ಲಿವೆ.

ಕ್ಯಾಮೆರಾ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಚಿತ್ರ ಸ್ಪಷ್ಟವಾಗಿದೆ. ರಾತ್ರಿ ಅದರ ಮುಖಕ್ಕೆ ಹುಳ ಮುತ್ತುತ್ತವೆ, ಜೇಡ ಬಲೆ ಕಟ್ಟುತ್ತದೆ, ಬಲೆ ಗಾಳಿಗೆ ಅಲ್ಲಾಡಿದರೆ ಮನುಷ್ಯ ಬಂದ ಅಂತ ಫೋನ್ ಬಡಕೊಳ್ಳುತ್ತದೆ. ಅದನ್ನು ಕೋಲಿಗೆ ಬಟ್ಟೆ ಸುತ್ತಿ ಒರೆಸಿಕೊಳ್ಳುತ್ತೇನೆ. ನನ್ನ ದೂರು ಅದಲ್ಲ.

ನೀವು ಕಳಿಸಿದ ಹುಡುಗ ಕೆಲಸವನ್ನೂ ನೀಟಾಗಿಯೇ ಮಾಡಿದ. ನಮ್ಮದು ಜಂಬಿಟ್ಟಿಗೆಯ ದಪ್ಪ ಗೋಡೆ, ವೈಫೈ ಸಿಗ್ನಲ್ ಅಂಗಳ ತಲುಪಲಿಲ್ಲ. ನೂರು ಮೀಟರಿನ ಒಳಗಿದ್ದರೆ ತೊಂದರೆ ಇಲ್ಲ ಅಂತ ಅವನೇ ರೌಟರಿನಿಂದ ಲ್ಯಾನ್ ಕೇಬಲ್ ಎಳೆದ. ನೀರು ವೈರಿನ ಗುಂಟ ಇಳಿದು ಕ್ಯಾಮೆರಾದೊಳಗೆ ಹೋಗಬಾರದು ಅಂತ ಕೇಬಲ್ಲನ್ನು ಒಂದು ಸುತ್ತು ಕೆಳಗೆ ಜೋತುಬಿಟ್ಟು ಕಟ್ಟಿದ. ಅಷ್ಟು ಬುದ್ಧಿವಂತ. ಕೊನೆಗೆ ಆ್ಯಪ್‌ನಲ್ಲಿ ನೋಂದಾಯಿಸುವ ಹೊತ್ತಿಗೆ ನನ್ನ ಫೋನಿಗೆ ಒಟಿಪಿ ಬರಲಿಲ್ಲ. "ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ ಸರ್. ಸದ್ಯಕ್ಕೆ ನನ್ನ ಫೋನಲ್ಲಿ ಆ್ಯಡ್ ಮಾಡಿ ನಿಮಗೆ ಶೇರ್ ಮಾಡ್ತೀನಿ, ಆಮೇಲೆ ಬದಲಾಯಿಸಿದ್ರಾಯ್ತು" ಅಂದ. ಕ್ಯಾಮೆರಾದ ಬುಡದಲ್ಲಿದ್ದ ಕ್ಯೂಆರ್ ಸ್ಟಿಕ್ಕರಿಗೆ ತನ್ನ ಫೋನ್ ಹಿಡಿದ. ನನ್ನ ಫೋನಿನಲ್ಲಿ ಅಂಗಳ ಕಾಣಿಸಿತು. ಕೆಲಸ ಮುಗಿಯಿತು ಅಂತ ಸಹಿ ಹಾಕಿಸಿಕೊಂಡು ಹೊರಟ.

ಆ "ಆಮೇಲೆ" ಇನ್ನೂ ಬಂದಿಲ್ಲ. ಹುಡುಗ ಕೆಲಸ ಬಿಟ್ಟಿದ್ದಾನೆ, ನಂಬರ್ ಸ್ವಿಚ್ಡ್ ಆಫ್. ಕೆಲಸ ಬಿಟ್ಟ ವಿಷಯ ನಿಮ್ಮ ಶಿವಮೊಗ್ಗದ ಸರ್ವಿಸ್ ಸೆಂಟರಿನವರೇ ಹೇಳಿದ್ದು.

ಇದರ ಬಿಸಿ ತಟ್ಟಿದ್ದು ಅಂಗಳದಿಂದ ಅಡಿಕೆ ಹೋದ ಬೆಳಿಗ್ಗೆ. ರಾತ್ರಿಯ ರೆಕಾರ್ಡಿಂಗ್ ನೋಡೋಣ ಅಂತ ಆ್ಯಪ್ ತೆರೆದರೆ ಆ ಗುಂಡಿಯೇ ಒತ್ತಲು ಬರುವುದಿಲ್ಲ. ಶೇರ್ ಆದವರಿಗೆ ಲೈವ್ ಮಾತ್ರ ಅಂತೆ. ಕಳ್ಳತನ ಆಗುತ್ತಿರುವಾಗ ಎದ್ದು ಕೂತಿದ್ದರೆ ನೋಡಬಹುದಿತ್ತು. ಮೆಮೊರಿ ಕಾರ್ಡ್ ತೆಗೆದು ಕಂಪ್ಯೂಟರಿಗೆ ಹಾಕಿದೆ. ಎನ್‌ಕ್ರಿಪ್ಟ್ ಆಗಿದೆ, ಅಂದರೆ ಗುಪ್ತ ಬೀಗ ಬಿದ್ದಿದೆ, ತೆರೆಯುವುದಿಲ್ಲ. ಸೆಕೆಂಡಿಗೆ 2 ಮೆಗಾಬಿಟ್ ಲೆಕ್ಕಕ್ಕೆ ವಿಡಿಯೋ ದಿನಕ್ಕೆ ಇಪ್ಪತ್ತೊಂದು ಜಿಬಿಗಿಂತ ಜಾಸ್ತಿ ತುಂಬುತ್ತದೆ, 128 ಜಿಬಿ ಕಾರ್ಡ್ ಆರು ದಿನಕ್ಕೆ ತುಂಬಿ ಹಳೆಯದನ್ನು ಅಳಿಸಿ ಅದರ ಮೇಲೇ ಬರೆದುಕೊಳ್ಳುತ್ತದೆ. ಅದಕ್ಕೇ ಆ ಕಾರ್ಡನ್ನು ತೆಗೆದಿಟ್ಟು ಬೇರೆ ಹಾಕಿದೆ. ರೀಸೆಟ್ ಗುಂಡಿ ಒತ್ತಿ ನೋಡಿ ಅಂದಿರಿ, ಅದನ್ನೂ ಒತ್ತಿದೆ. ಪಾಸ್‌ವರ್ಡ್ ಹೋಯಿತು, ನಿಮ್ಮ ಸರ್ವರಿನಲ್ಲಿ ಕೂತಿರುವ ಹೆಸರು ಹೋಗಲಿಲ್ಲ.

ಈಗ ನಿಮ್ಮ ಗ್ರಾಹಕ ಸೇವೆಗೆ ನಾನು ಮಾಡಿದ ಫೋನ್ ಕರೆಯ ವಿಷಯ. ನಿಮ್ಮಲ್ಲಿ ಎಲ್ಲ ಕರೆಯೂ ರೆಕಾರ್ಡ್ ಆಗುತ್ತದೆ ಅಂತ ಹೇಳುತ್ತೀರಲ್ವಾ, ತಾಳೆ ನೋಡಿಕೊಳ್ಳಿ.

ನಮ್ಮಲ್ಲಿ ಫೋನ್ ಸಿಗ್ನಲ್ ಸರಿಯಾಗಿ ಸಿಗುವುದು ಅಡಿಕೆ ಸುಲಿಯುವ ಚಪ್ಪರದ ಒಂದು ಮೂಲೆಯಲ್ಲಿ. ಅಲ್ಲಿಯೂ ಸ್ಪೀಕರಿಗೆ ಹಾಕಿ ಕಂಬದ ಮೊಳೆಗೆ ನೇತುಹಾಕಿದರೆ ಮಾತ್ರ ಕರೆ ಕಟ್ಟಾಗದೆ ನಿಲ್ಲುತ್ತದೆ. ಸುಲಿಯುವ ಹೆಂಗಸರು ಸಾಲಾಗಿ ಕೂತಿದ್ದರು. ನಿಮ್ಮ ಪ್ರತಿನಿಧಿ ಹೆಸರು ಕೇಳಿದರು, ಹೇಳಿದೆ. ಸೀರಿಯಲ್ ನಂಬರ್ ಕೇಳಿದರು. ಓದಿದೆ. "ಡಿ ಫಾರ್ ಡೆಲ್ಲಿನಾ, ಟಿ ಫಾರ್ ಟೈಗರಾ ಸರ್?" ಅಂದರು. ಟೈಗರ್ ಅಂದೆ. ಆಮೇಲೆ ಸಂಗೀತ. ಸಂಗೀತ ಮುಗಿದ ಮೇಲೆ ಮತ್ತೆ ಸೀರಿಯಲ್ ನಂಬರ್, ಮತ್ತೆ ಟೈಗರ್. ಅಷ್ಟರಲ್ಲಿ ಮೆಟ್ಟುಗತ್ತಿಗಳ ಸದ್ದು ನಿಂತಿತ್ತು.

"ಸರ್, ನಮ್ಮ ಸಿಸ್ಟಮ್ ಪ್ರಕಾರ ನೀವು ಈ ಕ್ಯಾಮೆರಾದ ಓನರ್ ಅಲ್ಲ."

"ಮತ್ತೆ ನಾನ್ಯಾರು?"

"ನೀವು ಗೆಸ್ಟ್ ಸರ್."

ಸುಲಿಯುವವರಲ್ಲಿ ಒಬ್ಬರು ನಕ್ಕರು. ಬಿಲ್ ನನ್ನ ಹೆಸರಲ್ಲಿದೆ, ಕ್ಯಾಮೆರಾ ನನ್ನ ಮನೆಯ ಮೇಲಿದೆ, ಕರೆಂಟು ನನ್ನದು ಅಂದೆ. "ಅರ್ಥ ಆಗುತ್ತೆ ಸರ್. ಓನರ್ ಪಕ್ಕದಲ್ಲಿದ್ದರೆ ಅವರಿಗೆ ಫೋನ್ ಕೊಡ್ತೀರಾ?" ಅಂದರು. ಓನರ್ ಯಾರು ಅಂತ ನೀವೇ ಹೇಳಿ, ಹುಡುಕಿ ಕೊಡುತ್ತೇನೆ ಅಂದೆ. "ಕ್ಷಮಿಸಿ ಸರ್, ಅದು ಗೌಪ್ಯ ಮಾಹಿತಿ. ಗ್ರಾಹಕರ ಪ್ರೈವಸಿ ನಮಗೆ ತುಂಬಾ ಮುಖ್ಯ." ಬೇಕಿದ್ದರೆ ಓನರ್ ತಮ್ಮ ಇಮೇಲಿನಿಂದ ಒಂದು ಒಪ್ಪಿಗೆ ಪತ್ರ ಕಳಿಸಲಿ ಅಂದರು. ಮೇಲಿನವರಿಗೆ ಕೊಡಿ ಅಂದೆ. ಮೇಲಿನವರು ಬಂದು, ನಾನು ಗೆಸ್ಟ್ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ಏಣಿ ಹತ್ತಿ ಸ್ಟಿಕ್ಕರಿನ ಫೋಟೋ ತೆಗೆದು, ಪಕ್ಕದಲ್ಲಿ ಇವತ್ತಿನ ತಾರೀಕು ಬರೆದ ಚೀಟಿ ಹಿಡಿದು ಕಳಿಸಿ ಅಂದರು. ಹತ್ತಿದೆ, ಹಿಡಿದೆ, ಕಳಿಸಿದೆ. "ಫೋಟೋ ಸ್ಪಷ್ಟವಾಗಿಲ್ಲ" ಅಂತ ಉತ್ತರ ಬಂತು. ಅದರ ಹಿಂದೆಯೇ ಇನ್ನೊಂದು ಮೆಸೇಜು: ನಮ್ಮ ಸೇವೆಗೆ ಐದರಲ್ಲಿ ಎಷ್ಟು ಸ್ಟಾರ್ ಕೊಡುತ್ತೀರಿ?

ಅಂದಿನಿಂದ ಚಪ್ಪರದಲ್ಲಿ ನಾನು ಯಾರಿಗಾದರೂ ಏನಾದರೂ ಕೆಲಸ ಹೇಳಿದರೆ "ಓನರ್ ಹತ್ರ ಕೇಳಿದ್ರಾ?" ಅನ್ನುತ್ತಾರೆ. ಇದಕ್ಕೆ ಪರಿಹಾರ ಕೇಳುವ ಕಲಮು ಯಾವ ಕಾಯ್ದೆಯಲ್ಲಿದೆಯೋ ವಕೀಲರು ಹುಡುಕುತ್ತಿದ್ದಾರೆ.

ಇಷ್ಟಕ್ಕೇ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಮೊನ್ನೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಸೂರಿನಲ್ಲಿ ಮೋಟರಿನ ಕಿರ್ ಸದ್ದು ಬಂತು. ಅಂಗಳ ನೋಡುತ್ತಿದ್ದ ಕ್ಯಾಮೆರಾ ನಿಧಾನ ತಿರುಗಿ ಬಚ್ಚಲುಮನೆಯ ದಾರಿಯ ಕಡೆ ಮುಖ ಮಾಡಿ ನಿಂತಿತು. ನಮ್ಮ ಬಚ್ಚಲು ಮನೆಯಿಂದ ಹೊರಗಿದೆ, ಮನೆಯ ಹೆಂಗಸರು ಓಡಾಡುವ ದಾರಿ ಅದು. ಶೇರ್ ಆದ ನನ್ನ ಫೋನಿನಿಂದ ಕ್ಯಾಮೆರಾ ತಿರುಗಿಸಲು ಬರುವುದಿಲ್ಲ. ತಿರುಗಿಸಬಲ್ಲವರು ಓನರ್ ಮಾತ್ರ.

ಫೋನ್ ಮಾಡಿದರೆ "ಆಟೋ ಟ್ರ್ಯಾಕಿಂಗ್ ಇರಬಹುದು ಸರ್, ಹುಳ ಹಾರಿರುತ್ತೆ" ಅಂದಿರಿ. ನಿಮ್ಮ ಕೈಪಿಡಿ ನಾನು ಓದಿದ್ದೇನೆ, ನಿಮ್ಮವರು ಓದಿದ ಹಾಗೆ ಕಾಣಲಿಲ್ಲ. ಟ್ರ್ಯಾಕಿಂಗ್, ಅಂದರೆ ಅಲ್ಲಾಡಿದ್ದನ್ನು ತಾನೇ ಹಿಂಬಾಲಿಸಿ ತಿರುಗುವುದು, ಮುಗಿದ ಮೇಲೆ ಕ್ಯಾಮೆರಾ ಮೊದಲಿನ ಜಾಗಕ್ಕೆ ತಾನೇ ವಾಪಸ್ ಬರುತ್ತದೆ ಅಂತ ಅದರಲ್ಲಿದೆ. ಇದು ವಾಪಸ್ ಬರಲಿಲ್ಲ. ಆ ಹುಡುಗನೇ ತಿರುಗಿಸಿದ ಅಂತ ನಾನು ಹೇಳುತ್ತಿಲ್ಲ. ಅವನ ಹಳೇ ಫೋನು ಯಾರ ಕೈಯಲ್ಲಿದೆಯೋ ನನಗೆ ಗೊತ್ತಿಲ್ಲ. ಯಾವ ಖಾತೆಯಿಂದ, ಎಷ್ಟು ಗಂಟೆಗೆ, ಯಾವ ಆಜ್ಞೆ ಹೋಯಿತು ಅನ್ನುವುದು ನಿಮ್ಮ ಸರ್ವರಿಗೆ ಗೊತ್ತಿರಬೇಕು. ನೀವು ಹೇಳುವುದಿಲ್ಲ, ಯಾಕಂದರೆ ನಾನು ಗೆಸ್ಟ್. ನಮ್ಮ ಮನೆಯನ್ನು ಕದ್ದು ನೋಡುವವನ ಪ್ರೈವಸಿಯನ್ನು ನಮ್ಮಿಂದ ಕಾಪಾಡುವ ಕಂಪನಿಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಸದ್ಯಕ್ಕೆ ವೈರು ಕಿತ್ತು, ಕ್ಯಾಮೆರಾದ ತಲೆಗೆ ಅಡಿಕೆ ಹಾಳೆ ಕಟ್ಟಿದ್ದೇನೆ. ರಾತ್ರಿ ಅಂಗಳ ಕಾಯುವುದು ಮತ್ತೆ ನಾನು ಮತ್ತು ನಾಯಿ.

ನಿಯಮಗಳು ನಿಮಗೆ ಗೊತ್ತೇ ಇವೆ, ನೆನಪಿಸುತ್ತೇನೆ ಅಷ್ಟೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಬಂದ 48 ಗಂಟೆಯೊಳಗೆ ಕುಂದುಕೊರತೆ ಅಧಿಕಾರಿ ಸ್ವೀಕೃತಿ ಕೊಡಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಕಂಪ್ಯೂಟರ್ ತಾನಾಗಿ ಕಳಿಸುವ ನಮಸ್ಕಾರವನ್ನು ಸ್ವೀಕೃತಿ ಅಂದುಕೊಂಡರೂ, ಆ ಒಂದು ತಿಂಗಳು ಕಳೆದುಹೋಗಿದೆ. ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ ಅಂತ ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಪರೀಕ್ಷೆ ಪಾಸಾದ ಗುರುತನ್ನು ನೀವು ಡಬ್ಬದ ಮೇಲೆ ದೊಡ್ಡದಾಗಿಯೇ ಅಚ್ಚು ಹಾಕಿದ್ದೀರಿ. ದೂರದ ಹ್ಯಾಕರಿನಿಂದ ಕಾಪಾಡುವ ಯಂತ್ರದ ಕೀಲಿಯನ್ನು ನಿಮ್ಮದೇ ಟೆಕ್ನಿಷಿಯನ್ ಜೇಬಿನಲ್ಲಿ ಹಾಕಿಕೊಂಡು ಹೋದರೆ ಆ ಗುರುತಿಗೆ ಏನು ಬೆಲೆ?

ಪೊಲೀಸರು ಕೇಳಲಿರುವ ಪ್ರಶ್ನೆ ಇನ್ನೂ ಸರಳ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ವಿಡಿಯೋ ಜೊತೆ ಪ್ರಮಾಣಪತ್ರ ಬೇಕು, ಯಂತ್ರ ಯಾರ ಉಸ್ತುವಾರಿಯಲ್ಲಿದೆಯೋ ಅವರ ಸಹಿ ಬೇಕು. ಯಾರ ಉಸ್ತುವಾರಿ ಅಂತ ಬರೆಯಲಿ? ನಿಮ್ಮ ದಾಖಲೆ ಪ್ರಕಾರ, ಫೋನ್ ಸ್ವಿಚ್ಡ್ ಆಫ್ ಆಗಿರುವ ಒಬ್ಬ ಹುಡುಗನದ್ದು.

ನನಗೆ ಬೇಕಾದ್ದು ಇಷ್ಟು. ಕ್ಯಾಮೆರಾವನ್ನು ಆ ಖಾತೆಯಿಂದ ಬಿಡಿಸಿ ನನ್ನ ಹೆಸರಿಗೆ ಮಾಡಿ. ಅಳವಡಿಸಿದ ದಿನದಿಂದ ಯಾರು ಯಾವಾಗ ಲಾಗಿನ್ ಆದರು, ಯಾರು ತಿರುಗಿಸಿದರು ಅನ್ನುವ ದಾಖಲೆಯನ್ನು ಅಳಿಸದೆ ಇಟ್ಟು, ಅದರ ಪ್ರತಿ ಪೊಲೀಸರಿಗೆ ಕೊಡಿ. ತೆಗೆದಿಟ್ಟ ಕಾರ್ಡಿನ ವಿಡಿಯೋ ತೆರೆದುಕೊಡಿ. ಕ್ಯಾಮೆರಾದ್ದೂ ಅಳವಡಿಕೆಯದ್ದೂ ಹಣ ವಾಪಸ್ ಮಾಡಿ. ಕೂಪನ್ ಕೊಡುವ ಮಾತಾಡಬೇಡಿ, ಇನ್ನೊಂದು ಕ್ಯಾಮೆರಾ ನನಗೆ ಬೇಕಾಗಿಲ್ಲ.

ಈ ಪತ್ರ ತಲುಪಿದ 15 ದಿನದೊಳಗೆ ಸಹಿ ಇರುವ ಉತ್ತರ ಬರದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಕೇಸು ಹಾಕುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಗ್ರಾಹಕ ತಾನಿರುವ ಜಿಲ್ಲೆಯಲ್ಲೇ ಹಾಕಬಹುದು. ಖರೀದಿ ಐದು ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ಅಂದರೆ ನನಗೆ ಬಸ್ ಚಾರ್ಜು ಮಾತ್ರ. ನಿಮ್ಮ ವಕೀಲರು ಘಟ್ಟದ ರಸ್ತೆಯಲ್ಲಿ ಬರುವಾಗ ವಾಂತಿಯ ಮಾತ್ರೆ ತಂದುಕೊಳ್ಳಲಿ. ಪೊಲೀಸರಿಗೆ ಕೊಡುವ ಅರ್ಜಿ ಮಾತ್ರ 15 ದಿನ ಕಾಯುವುದಿಲ್ಲ, ಈ ಪತ್ರದ ಜೊತೆಗೇ ಹೋಗುತ್ತಿದೆ. ಅಡಿಕೆ ಮಂಡಿಯಲ್ಲಿ, ಸೊಸೈಟಿಯ ಸಭೆಯಲ್ಲಿ, ಯಾವ ಕ್ಯಾಮೆರಾ ಒಳ್ಳೇದು ಅಂತ ಕೇಳುವವರು ಈ ಸೀಸನ್ನಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಗೆಲ್ಲ ನಿಮ್ಮ ಹೆಸರು ಹೇಳುತ್ತೇನೆ, ಪೂರ್ತಿ ಕಥೆಯ ಜೊತೆ.

ಇಂತಿ,
ಬಿಲ್ಲಿನಲ್ಲಿ ಹೆಸರಿರುವ ಗ್ರಾಹಕ

ಲಗತ್ತು: ಬಿಲ್, ಟೆಕ್ನಿಷಿಯನ್ ಸಹಿ ಹಾಕಿಸಿಕೊಂಡ ಹಾಳೆಯ ಪ್ರತಿ, ನಿಮ್ಮ ಇಮೇಲುಗಳು, ಕ್ಯಾಮೆರಾ ಬಚ್ಚಲಿನ ಕಡೆ ತಿರುಗಿ ನಿಂತ ಫೋಟೋ, ಸ್ಪಷ್ಟವಾಗಿಲ್ಲ ಅಂದ ಸ್ಟಿಕ್ಕರ್ ಫೋಟೋ (ಓದಲು ಬರುತ್ತದೆ, ನೋಡಿ).

ಪ್ರತಿ: ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆ, ಶಿವಮೊಗ್ಗ